ಎಡಗಡೆಯ ಹಿಂದಿನ ಚಕ್ರ

ಕಾರಿನ ಚಕ್ರದ ಮುಚ್ಚಳವನ್ನು ಸ್ಕ್ರೂಡ್ರೈವರ್‌ನಿಂದ ಎಬ್ಬಿಸಿದ ಮೆಕ್ಯಾನಿಕ್ ಭಾವಮೈದುನ, ಅದನ್ನು ಪಕ್ಕಕ್ಕಿಡದೆ ಹಾಗೇ ಕೈಯಲ್ಲಿ ಹಿಡಿದು ಕೂತುಬಿಟ್ಟ. ಒಳಗಿನ ರಿಮ್ಮಿನ ಅಂಚು ಗೇಣುದ್ದ ಮಡಚಿಹೋಗಿತ್ತು. ಮಡಚಿದ ಕಡೆ ದಪ್ಪಗೆ ಹಳದಿ ಬಣ್ಣ ಮೆತ್ತಿಕೊಂಡಿತ್ತು. ಅದನ್ನು ಉಗುರಿನಿಂದ ಕೆರೆದು ನೋಡಿದ. ಅತ್ತ ಜ್ಯಾಕ್ ತಿರುಗಿಸುತ್ತಿದ್ದ ಅವನ ಭಾವನ ಕೈ ತಾನಾಗಿ ನಿಂತಿತು. ಏಟು ಕಾಣಬಾರದೆಂದು ಹೊಸ ಮುಚ್ಚಳ ತಂದು ಬಡಿದು ಕೂರಿಸಿದ್ದವನು ಈ ಭಾವನೇ. ಸೊಟ್ಟಗಾದ ಆಕ್ಸಲ್, ಅಂದರೆ ಹಿಂದಿನ ಚಕ್ರಗಳ ಅಚ್ಚು, ಬದಲಿಸಬೇಕಾದರೆ ಚಕ್ರ ಬಿಚ್ಚಬೇಕು, ಚಕ್ರ ಬಿಚ್ಚಬೇಕಾದರೆ ಮುಚ್ಚಳ ತೆಗೆಯಬೇಕು ಎಂಬಷ್ಟು ಬುದ್ಧಿಯೂ ಆ ಮಹಾನುಭಾವನಿಗೆ ಹೊಳೆದಿರಲಿಲ್ಲ.

ಹಳದಿ ಬಣ್ಣ ಅವನ ಆಫೀಸಿನ ಪಾರ್ಕಿಂಗ್ ಕಟ್ಟೆಯದು. ಮೂರು ವಾರದ ಹಿಂದೆ ಒದ್ದೆ ನೆಲದ ಮೇಲೆ ಜಂಬದಿಂದ ಗಾಡಿ ತಿರುಗಿಸಲು ಹೋಗಿ, ಜಾರಿ, ಅಡ್ಡಡ್ಡಲಾಗಿ ಗುದ್ದಿದ್ದ. ಮನೆಯಲ್ಲಿ ತುಟಿ ಬಿಚ್ಚಲಿಲ್ಲ. ಮಾರನೆಯ ದಿನ ಗಾಡಿ ತೆಗೆದುಕೊಂಡು ಹೋದವಳು ಹೆಂಡತಿ. ಲೈಸೆನ್ಸ್ ಬಂದು ತಿಂಗಳಾಗಿತ್ತಷ್ಟೆ. ತರಕಾರಿ ಅಂಗಡಿ ಮುಂದಿನ ಗುಂಡಿಯಲ್ಲಿ ಚಕ್ರ ಇಳಿಸಿ, ಗಾಡಿ ಏಡಿಯ ಹಾಗೆ ಸೊಟ್ಟಸೊಟ್ಟ ಹೋಗುತ್ತಿದೆ ಎಂದು ಅಳುತ್ತಾ ಮನೆಗೆ ಬಂದಳು. ಆಗಲಾದರೂ ಬಾಯಿ ಬಿಡಬೇಕಿತ್ತು. ಇವನೋ, "ಹೋಗ್ಲಿ ಬಿಡು, ಹೊಸದಾಗಿ ಕಲಿತವರ ಕೈಲಿ ಆಗೋದೇ" ಎಂದು ದೊಡ್ಡ ಮನಸ್ಸು ಮಾಡಿ ಕ್ಷಮಿಸಿಬಿಟ್ಟ! ಅಂದಿನಿಂದ ಅವಳು ಸ್ಟೀರಿಂಗ್ ಮುಟ್ಟಿಲ್ಲ. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಅವಳಿಗೆ ಮೇಲಿನ ಹುದ್ದೆ ಬಂದಿತ್ತು. ದಿನಾ ಕಾರಿನಲ್ಲಿ ಐದೂ ಕೇಂದ್ರ ಸುತ್ತಿ ನೋಡಿಕೊಳ್ಳುವ ಕೆಲಸ. ಒಪ್ಪಿಗೆಯೋ ಇಲ್ಲವೋ ನಾಳೆ ಹೇಳಬೇಕು. ಆಗಲ್ಲ ಅಂತ ಹೇಳಿಬಿಡುತ್ತೇನೆ ಎಂದು ಬೆಳಿಗ್ಗೆಯಷ್ಟೇ ತಮ್ಮನ ಮುಂದೆ ಅಂದಿದ್ದಳು.

"ಭಾವ, ಇದು ಗುಂಡಿಗೆ ಬಿದ್ದಿದ್ದಲ್ಲ," ಭಾವಮೈದುನ ದನಿ ತಗ್ಗಿಸಿ ಹೇಳಿದ. "ಗುಂಡಿಗೆ ಇಳಿದ್ರೆ ಏಟು ಕೆಳಗಿಂದ ಬೀಳುತ್ತೆ. ಇದು ಪಕ್ಕದಿಂದ ಬಿದ್ದಿರೋ ಏಟು. ತರಕಾರಿ ಅಂಗಡಿ ಹತ್ರ ಹಳದಿ ಕಟ್ಟೆ ಎಲ್ಲಿದೆ?"

ಅವನು ಮನೆಯ ಬಾಗಿಲ ಕಡೆ ನೋಡಿದ. "ಅಕ್ಕನಿಗೆ ಹೇಳ್ತೀಯಾ?"

"ನಾನ್ಯಾಕೆ ಹೇಳ್ಲಿ? ಗಂಡ ಹೆಂಡತಿ ಮಧ್ಯೆ ನಾನು ಬರಲ್ಲಪ್ಪ. ನೀವೇ ಹೇಳ್ತೀರ. ಇವತ್ತೇ." ಅಷ್ಟು ಹೇಳಿದವನು ಸ್ಪ್ಯಾನರ್ ಎತ್ತಿಕೊಂಡು ಗಾಡಿಯ ಕೆಳಗೆ ತೂರಿಕೊಂಡ.

ತುಕ್ಕು ಹಿಡಿದ ಬೋಲ್ಟುಗಳಿಗೆ ಎಣ್ಣೆ ಬಿಟ್ಟು, ಬ್ರೇಕ್ ಪೈಪು, ಹ್ಯಾಂಡ್‌ಬ್ರೇಕ್ ಕೇಬಲ್ಲು ಕಳಚಿ, ಸೊಟ್ಟಗಾದ ಆಕ್ಸಲ್ಲನ್ನು ಇಬ್ಬರೂ ಸೇರಿ ಹೊರಗೆಳೆದು, ಗುಜರಿಯಿಂದ ತಂದ ಇನ್ನೊಂದನ್ನು ಕೂರಿಸುವಷ್ಟರಲ್ಲಿ ಊಟದ ಹೊತ್ತು ಮೀರಿತು. ಅಷ್ಟರೊಳಗೆ ಅವನು ಹೇಳಬೇಕೆಂದು ಹತ್ತು ಸಲ ಬಾಯಿ ತೆರೆದಿರಬೇಕು. ಹತ್ತು ಸಲವೂ ಅವಳು ನೀರಿನ ಚೊಂಬೋ ಹಳೇ ಬಟ್ಟೆಯೋ ಹಿಡಿದು ಬಂದು, "ನನ್ನಿಂದ ಇಬ್ಬರಿಗೂ ಎಷ್ಟು ಕಷ್ಟ ನೋಡಿ" ಎನ್ನುವಳು. ಬಾಯಿ ಮುಚ್ಚಿಹೋಗುವುದು.

ಕೊನೆಗೆ ಉಳಿದದ್ದು ಬ್ರೇಕ್ ಪೈಪಿನೊಳಗೆ ಸೇರಿದ ಗಾಳಿ ತೆಗೆಯುವುದು. ಭಾವಮೈದುನ ಕೆಳಗೆ ಮಲಗಿ ತಿರುಪು ಸಡಿಲಿಸಬೇಕು, ಭಾವ ಪಕ್ಕದಲ್ಲೇ ಮಲಗಿ ಸೋರುವ ಬ್ರೇಕ್ ಎಣ್ಣೆಗೆ ಬಾಟಲಿ ಹಿಡಿಯಬೇಕು, ಮೇಲೆ ಒಬ್ಬರು ಕೂತು ಪೆಡಲ್ ತುಳಿಯಬೇಕು.

"ಅಕ್ಕಾ, ಸೀಟಲ್ಲಿ ಕೂತ್ಕೊಂಡು ತುಳಿ ಬಾ."

"ಅಯ್ಯೋ, ನನ್ನ ಕೈಲಾಗಲ್ಲ ಕಣೋ. ಆ ಸೀಟಿಗೆ ಮಾತ್ರ ನಾನು ಹತ್ತಲ್ಲ."

"ಗಾಡಿ ಸ್ಟ್ಯಾಂಡ್ ಮೇಲಿದೆ, ಎಲ್ಲಿಗೂ ಓಡಿಹೋಗಲ್ಲ!"

ಅವಳು ಕೇಳಲಿಲ್ಲ. ಬಾಗಿಲು ತೆಗೆದು, ಹೊರಗೇ ನೆಲದ ಮೇಲೆ ಮಂಡಿಯೂರಿ, ಒಳಕ್ಕೆ ಬಗ್ಗಿ ಎರಡೂ ಅಂಗೈಯಿಂದ ಪೆಡಲ್ ಒತ್ತಿದಳು. "ಒತ್ತಿದೆ... ಬಿಡ್ಲಾ? ಸರಿಯಾಗಿ ಮಾಡ್ತಿದ್ದೀನಾ?" ಒಂದೊಂದು ಸಲವೂ ಅದೇ ಪ್ರಶ್ನೆ, ಪರೀಕ್ಷೆಗೆ ನಿಂತವಳ ಹಾಗೆ. ಗಾಡಿಯ ಕೆಳಗಿನಿಂದ ಅವನಿಗೆ ಕಾಣುತ್ತಿದ್ದುದು ನೆಲಕ್ಕೊತ್ತಿದ ಅವಳ ಎರಡು ಮಂಡಿಗಳು ಮಾತ್ರ. ನಾಚಿಕೆಯಿಂದ ಅವನ ಮೈಯೆಲ್ಲ ಹಿಡಿಯಷ್ಟಾಯಿತು. ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು. ಆದರೆ ಅವನು ಮಲಗಿದ್ದುದು ಸಿಮೆಂಟಿನ ನೆಲ, ಅದೆಲ್ಲಿ ಬಾಯಿ ಬಿಡುತ್ತದೆ! ಬಾಟಲಿಯನ್ನು ಭಾವಮೈದುನನ ಕೈಗೆ ತುರುಕಿ ಹೊರಗೆ ತೆವಳಿ ಬಂದ.

"ಎದ್ದೇಳು. ಆ ಆಕ್ಸಲ್ ಬಗ್ಗಿಸಿದ್ದು ನೀನಲ್ಲ, ನಾನು. ಆಫೀಸಿನ ಕಟ್ಟೆಗೆ ಗುದ್ದಿದ್ದೆ. ನೀನು ಓಡಿಸೋಕೆ ಮುಂಚೆನೇ ಅದು ಸೊಟ್ಟಗಾಗಿತ್ತು."

ಅವಳು ಪೆಡಲ್ ಮೇಲಿನ ಕೈ ತೆಗೆಯದೆ ಅವನನ್ನೇ ನೋಡಿದಳು. ನೋಡುತ್ತಾ ನೋಡುತ್ತಾ ಕಣ್ಣು ತುಂಬಿ ಬಂತು, ಆಮೇಲೆ ನಗು.

"ಕೇಳಿಸ್ಕೊಂಡ್ಯೇನೋ, ನಿನ್ನ ಭಾವ ಹೇಳಿದ್ದು? ನಾನು ಆ ಕೆಲಸ ಬೇಡ ಅಂದಿದ್ದಕ್ಕೆ ಎಂಥ ಕಥೆ ಕಟ್ತಿದ್ದಾರೆ ನೋಡು. ನನಗೆ ಧೈರ್ಯ ಬರ್ಲಿ ಅಂತ ನನ್ನ ತಪ್ಪನ್ನೂ ತಮ್ಮ ತಲೆ ಮೇಲೆ ಹಾಕ್ಕೋತಾರೆ. ಇಂಥ ಗಂಡ ಯಾರಿಗೆ ಸಿಗ್ತಾರೆ ಹೇಳು?"

ಭಾವಮೈದುನ ಗಾಡಿಯ ಕೆಳಗಿನಿಂದ ತಲೆ ಹೊರಗೆ ಹಾಕಿ ಭಾವನ ಕಡೆ ನೋಡಿದ. ಕಾದ. ಇನ್ನೊಂದು ಸಲ ಹೇಳಿದ್ದರೆ ಸಾಕಿತ್ತು. ಆದರೆ ಮೂರು ವಾರದಲ್ಲಿ ಅವಳು ನಕ್ಕಿದ್ದು ಇದೇ ಮೊದಲು, ಅದೂ ಅವನನ್ನು ದೇವರಂಥವನು ಎಂದುಕೊಂಡು. ಅವನು ಬಗ್ಗಿ, ಭಾವಮೈದುನನ ಕೈಯಿಂದ ಬಾಟಲಿ ವಾಪಸು ತೆಗೆದುಕೊಂಡ.

"ಹೇಳೋ, ಸಿಗ್ತಾರಾ?"

"ಸಿಗಲ್ಲ ಅಕ್ಕಾ," ಎಂದ ತಮ್ಮ, ಭಾವನ ಮುಖದಿಂದ ಕಣ್ಣು ತೆಗೆಯದೆ. "ಒತ್ತು."

ಅವಳು ಮತ್ತೆ ಒಳಕ್ಕೆ ಬಗ್ಗಿ, ಎರಡೂ ಕೈಯಿಂದ ಒತ್ತಿದಳು.