ಗ್ರಹಕ್ಕೊಂದು ಹೆಸರು

ನಮ್ಮ ಸೂರ್ಯನಂಥದೇ ಒಂದು ನಕ್ಷತ್ರ, ಅದಕ್ಕೆ ತಪ್ಪದೆ ಪ್ರದಕ್ಷಿಣೆ ಬರುವ ಒಂದು ಗ್ರಹ ದೂರದ ಆಕಾಶದಲ್ಲಿ ಪತ್ತೆಯಾಗಿತ್ತು. ಆ ಗ್ರಹಕ್ಕೊಂದು ಹೆಸರು ಸೂಚಿಸಿರೆಂದು ಶಾಲೆಗಳಿಗೆ ಕರೆ ಬಂತು. ಕಡಲ ದಂಡೆಯ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಸಂಕಮ್ಮ ತನ್ನ ಗಂಡನ ಹೆಸರನ್ನು ಸ್ಲೇಟಿನ ಮೇಲೆ ಬರೆದು ಮಾಷ್ಟ್ರಿಗೆ ಕೊಟ್ಟಳು. ಬಾಯಿಬಿಟ್ಟು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆಂದು ಅವಳ ನಂಬಿಕೆ. ಮೀನಿಗೆಂದು ಹೋದ ಅವನ ದೋಣಿ ಎಂಟು ವರ್ಷವಾದರೂ ಮರಳಿರಲಿಲ್ಲ.

“ನಮ್ಮವರು ನಕ್ಷತ್ರ ನೋಡಿಯೇ ದಡ ಹಿಡಿಯುವವರು ಮಾಷ್ಟ್ರೇ. ಅಲ್ಲಿ ತಮ್ಮ ಹೆಸರೇ ಉಂಟು ಅಂತ ತಿಳಿದ್ರೆ ಬಾರದೆ ಇರ್ತಾರಾ?” ಎಂದಿದ್ದಳು.

ಆ ಹೆಸರೇ ಗೆದ್ದಿತು. ಮಾಷ್ಟ್ರು ಕಾಗದ ಹಿಡಿದು ಅಡುಗೆಕೋಣೆಗೇ ಓಡಿಬಂದರು.

“ಸಂಕಮ್ಮ, ನಿನ್ನ ಗಂಡ ಇನ್ನು ಗ್ರಹ ಮಾರಾಯ್ತಿ!”

“ನಾನು ಮೊದಲಿಂದಲೂ ಶನಿ ಅಂತಲೇ ಬೈತಿದ್ದೆ” ಎಂದು ಅವಳು ಎಷ್ಟೋ ದಿನಗಳ ಮೇಲೆ ನಕ್ಕಳು.

“ಇಲ್ಲೊಂದು ರುಜು ಹಾಕು.”

“ಎಂತ ಬರ್ದಿದೆ ಅದರಲ್ಲಿ?”

ಮಾಷ್ಟ್ರು ಕಾಗದದ ಕೊನೆಯ ಸಾಲಿಗೆ ಬೆರಳಿಟ್ಟರು. “ಬದುಕಿರುವವರ ಹೆಸರು ಇಡುವ ಹಾಗಿಲ್ಲವಂತೆ. ಅವನು ತೀರಿಹೋದ ಅಂತ ನೀನು ಬರೆದುಕೊಡಬೇಕು. ಮೇಲಿನವರಿಗೆ ಫೋನು ಮಾಡಿ ನಾನೂ ಬೇಡಿಕೊಂಡೆ ತಂಗಿ, ಕೇಳಲಿಲ್ಲ.”

ಸಂಕಮ್ಮ ಸೌಟು ಕೆಳಗಿಟ್ಟಳು. ಒಲೆಯ ಮೇಲೆ ಸಾರು ಉಕ್ಕಿ ಚೆಲ್ಲಿತು. ಇಬ್ಬರೂ ಅತ್ತ ನೋಡಲಿಲ್ಲ.

“ಹಾಗಾದ್ರೆ ನನ್ನ ಹೆಸರು ಕಳಿಸಿ ಮಾಷ್ಟ್ರೇ, ನಾನು ಸತ್ತೆ ಅಂತ ರುಜು ಹಾಕ್ತೇನೆ. ಅದನ್ನು ನೋಡಿಯೂ ಅವರು ದಡ ಹಿಡೀತಾರೆ.”