ತೋಳದ ಪಾಲು

ಗುರುಗುಂಟಾದ ಗುಡ್ಡದ ಬುಡದಲ್ಲಿ ದೀಪಾ ಟ್ರ್ಯಾಕ್ಟರಿಗೆ ಅಡ್ಡ ನಿಂತಾಗ ಲಿಂಗಸುಗೂರಿನ ಬಸ್ಸಷ್ಟೇ ಅಲ್ಲ, ನೆತ್ತಿಯ ಮೇಲಿನ ಸೂರ್ಯನೂ ಬ್ರೇಕ್ ಹಾಕಿ ನೋಡಿದ. ಸುಳ್ಳೆನಿಸಿದರೆ ಆ ಬಸ್ಸಿನ ಕಂಡಕ್ಟರನನ್ನೇ ಕೇಳಿ. ಅರಣ್ಯ ರಕ್ಷಕಿಯಾಗಿ ಮೊನ್ನೆ ಮೊನ್ನೆ ಸೇರಿದ ಹುಡುಗಿ. ಖಾಕಿಯ ಗಂಜಿ ಇನ್ನೂ ಇಳಿದಿರಲಿಲ್ಲ. ಎದುರಿಗೆ ಸಂಗನಬಸವನ ಟ್ರ್ಯಾಕ್ಟರು ಐರಾವತದ ಹಾಗೆ ಘೀಳಿಡುತ್ತಿತ್ತು. ಸರ್ಕಾರಿ ಗಡಿಕಲ್ಲು ಆಗಲೇ ಮಕಾಡೆ ಮಲಗಿತ್ತು, ಒಂದು ಸಾಲು ಉಳುಮೆಯೂ ಆಗಿತ್ತು. ಆಚೆಯ ಬಂಡೆಯಡಿ ಬಿಲದಲ್ಲಿ ತೋಳದ ಮರಿಗಳಿದ್ದವು.

“ಅತ್ತ ಸರೀರಿ ಮೇಡಂ. ಆ ತೋಳದ ಹೆಸರಿಗೆ ಪಟ್ಟಾ ಐತೇನ್ರಿ?”

“ನಿಮ್ಮ ಹೆಸರಿಗೂ ಇಲ್ಲಲ್ರಿ ಗೌಡ್ರ. ಇದು ಊರಿಗೆಲ್ಲಾ ಸೇರಿದ ಅಡವಿ.”

ಸಂಗನಬಸವ ನಕ್ಕ ನಗೆಗೆ ಮಸ್ಕಿಯ ಬೆಟ್ಟದ ಕಲ್ಲೂ ಉರುಳಬೇಕು. “ಊರಂತ ಊರು! ಅಗೋ, ನಿಮ್ಮ ಊರು ಬರಾಕತ್ತೈತಿ ನೋಡ್ರಿ.”

ಕುರಿಗಾರ ಅಯ್ಯಪ್ಪ ಹಿಂಡಿನೊಂದಿಗೆ ಬರುತ್ತಿದ್ದ. ತಲೆಯ ಮೇಲೆ ಜೋಳದ ಒಣದಂಟಿನ ಕಣಕಿಯ ಹೊರೆ, ಕಿಸೆಯಲ್ಲಿ ಕಡ್ಡಿಪೆಟ್ಟಿಗೆ. ನಿನ್ನೆ ತೋಳ ಅವನ ಮುದ್ದಿನ ಕುರಿಮರಿಯನ್ನು ಎತ್ತಿತ್ತು. ಬಿಲಕ್ಕೆ ಹೊಗೆ ಹಾಕಲೆಂದೇ ಹೊರಟಿದ್ದ. ದೀಪಾ ಅವನಿಗೂ ಅಡ್ಡ ಬಂದಳು. ಟ್ರ್ಯಾಕ್ಟರನ್ನೇನೋ ಮೈಯೊಡ್ಡಿ ತಡೆದಾಳು. ಮರಿ ಕಳೆದುಕೊಂಡವನ ಸಿಟ್ಟನ್ನು?

“ಅಡ್ಡ ಬರಬ್ಯಾಡ ಯವ್ವಾ. ಹಿಂಡಿನಾಗ ತೋಳಂದೂ ಒಂದು ಪಾಲು ಐತಿ ಅಂತಿದ್ದ ನಮ್ಮಪ್ಪ. ನನಗ ಹೊಟ್ಟಿ ಉರಿಯಾಕತ್ತೈತಿ. ಪಾಲೂ ಇಲ್ಲ, ಗೀಲೂ ಇಲ್ಲ.”

“ಒಂದು ಮಾತು ಹೇಳ್ರಿ ಕಾಕಾ. ತೋಳ ಸತ್ತು, ಗೌಡ್ರು ಗುಡ್ಡ ಉತ್ರು ಅಂತ ತಿಳೀರಿ. ನಾಳಿಗೆ ಹಿಂಡು ಎಲ್ಲಿ ಮೇಯಿಸ್ತೀರಿ?”

ಅಯ್ಯಪ್ಪ ಬಿದ್ದ ಕಲ್ಲು ನೋಡಿದ. ಉತ್ತ ಸಾಲು ನೋಡಿದ. ಹೊರೆಯನ್ನು ಧಪ್ಪನೆ ಇಳಿಸಿದ.

“ಗೌಡ್ರ, ತೋಳ ಆದ್ರ ಒಂದು ಮರಿ ಒಯ್ತೈತಿ. ನಿಮ್ಮ ಗಾಡಿ ಹಿಂಡಿಗೆ ಹಿಂಡೇ ನುಂಗತೈತಲ್ರಿ! ಉಳ್ರಿ, ಉಳ್ರಿ. ಆದ್ರ ಇನ್ಮ್ಯಾಲೆ ನಿಮ್ಮ ಹೊಲದಾಗ ರಾತ್ರಿ ಕುರಿ ತರುಬಂಗಿಲ್ಲ. ನಾನಷ್ಟ ಅಲ್ಲ, ಸಾಲಗುಂದದ ತನಕ ಯಾವ ಕುರಿಗಾರನೂ ತರುಬಂಗಿಲ್ಲ.”

ರಾತ್ರಿ ಕುರಿ ಕೂತು ಹಿಕ್ಕೆ ಹಾಕದ ಹೊಲವೂ ಒಂದು ಹೊಲವೆ? ಸಂಗನಬಸವನ ಜೋಳ ಮುಗಿಲಿಗೆ ತೂತು ಕೊರೆಯುತ್ತಿದ್ದುದೇ ಆ ಗೊಬ್ಬರದಿಂದ. ಅವನು ರಿವರ್ಸ್ ಗೇರು ಹಾಕಿದ. ಐರಾವತ ಬೆಕ್ಕಿನಂತೆ ಮುಲುಗುತ್ತ ಹಿಂದಕ್ಕೆ ಸರಿಯಿತು.

ದೀಪಾ ಮತ್ತು ಅಯ್ಯಪ್ಪ ಸೇರಿ ಗಡಿಕಲ್ಲನ್ನು ಎತ್ತಿ ನಿಲ್ಲಿಸಿದರು. ಅಷ್ಟರಲ್ಲಿ ಹೊಗೆಗೆಂದು ತಂದ ಕಣಕಿಯನ್ನು ಕುರಿಗಳು ಕರಂ ಕುರುಂ ತಿಂದು ಮುಗಿಸುತ್ತಿದ್ದವು. ಬಿಲದ ಬಾಯಲ್ಲಿ ಎರಡು ಕಿವಿ ನಿಮಿರಿದವು. ಬೊಗಸೆಯಷ್ಟೂ ಇಲ್ಲದ ತೋಳದ ಮರಿಯೊಂದು ಇಡೀ ಹಿಂಡಿನ ಮೇಲೆ ನಿಧಾನವಾಗಿ ಕಣ್ಣಾಡಿಸುತ್ತ, ತನ್ನ ಪಾಲು ಯಾವುದೆಂದು ಆರಿಸುತ್ತಿತ್ತು.