ನೀರು ಭಂಧಿಲ್ಲ
ಈಗಿನ ಹೊಸ ಟೈಪ್‌ರೈಟರಿನ ಕೀಲಿಮಣೆಗಳಲ್ಲಿ ಶಿಫ್ಟ್ ಇಲ್ಲ; ‘ಕ’ಗೂ ‘ಖ’ಗೂ ಒಂದೇ ಕೀಲಿ, ಮೆಲ್ಲಗೆ ಒತ್ತಿದರೆ ಅಲ್ಪಪ್ರಾಣ, ಗುದ್ದಿದರೆ ಮಹಾಪ್ರಾಣ. ಆರನೆಯ ಇಯತ್ತೆಗೇ ಶಾಲೆ ಬಿಟ್ಟ ಬಸಲಿಂಗನಿಗೋ ಮೂಗಿನ ತುದಿಯಲ್ಲೇ ಸಿಟ್ಟು. ಇನ್ನೊಂದು ಅರ್ಜಿ ಕೆಟ್ಟರೆ ಕೆಲಸವಿಲ್ಲವೆಂದು ಅವನು ಕೆಲಸಕ್ಕಿದ್ದ ಟೈಪಿಂಗ್ ಅಂಗಡಿಯ ಖಾದರಸಾಹೇಬರು ಬೆಳಿಗ್ಗೆಯೇ ಹೇಳಿದ್ದರು.

ಅರ್ಜಿ ಬರೆಸಲು ಬಂದ ಗುರುಬಸವ್ವ ಎದುರಿಗೆ ಕೂತಳು. “ಬರಿ ತಮ್ಮಾ, ಮೂರು ತಿಂಗಳಾತು, ನಮ್ಮ ಓಣಿಗೆ ನೀರು ಬಂದಿಲ್ಲ.”

“ಮುನ್ಸಿಪಾಲ್ಟ್ಯಾಗ ಕೇಳಿದ್ರ ಏನಂತಾರ?”

“ದಿನಾ ನಾಳೆ ಅಂತಾರ.”

ಸಿಟ್ಟಿಗೆ ಬಸಲಿಂಗನ ಬೆರಳು ತಡೆಯಲಿಲ್ಲ. ಹಾಳೆಯ ಮೇಲೆ ‘ನೀರು ಭಂಧಿಲ್ಲ’ ಎಂದು ಮೂಡಿತು.

“ಕೆಟ್ಟೋತು ಯವ್ವಾ, ಬ್ಯಾರೆ ಮಾಡ್ತೀನಿ.”

ಸಾಹೇಬರು ಎದ್ದು ಬಂದರು. ಅಷ್ಟರಲ್ಲಿ ಗುರುಬಸವ್ವ ಹಾಳೆಯನ್ನು ಒತ್ತಿ ಹಿಡಿದಿದ್ದಳು. “ಹಂಗ ಇರ್ಲಿ. ಮೆತ್ತಗ ಬರಸಿದ್ದು ಎರಡು ಅರ್ಜಿ ಕೊಟ್ಟೆ, ಯಾರೂ ಓದಲಿಲ್ಲ.”

ಸಾಹೇಬರು ಗಡ್ಡ ಕೆರೆದುಕೊಂಡರು.

“ಲೇ ಬಸಲಿಂಗಾ, ‘ಕೂಡಲೇ’ ಅನ್ನೋದನ್ನೂ ಗುದ್ದು.”